ಬರ್ಲೆಸ್ಕ್ ರಂಗಭೂಮಿಯ ನರ್ತಕಿಯರು

1868ನೆಯ ಇಸವಿ ಸೆಪ್ಟೆಂಬರ್ 28ರಂದು, ನ್ಯೂಯಾರ್ಕ್ ನಗರದ ಬ್ರಾಡ್‌ವೇ ಬೀದಿಯಲ್ಲಿದ್ದ ವುಡ್ಸ್ ಮ್ಯೂಸಿಯಮ್ಮಿನ ನಾಟಕಶಾಲೆಯಲ್ಲಿ, ಇಂಗ್ಲೆಂಡಿನಿಂದ ಅದೇ ವರ್ಷದ ಆಗಸ್ಟಿನಲ್ಲಿ ಬಂದಿಳಿದಿದ್ದ ಚಿಕ್ಕ ಮಂಡಲಿಯೊಂದು ‘ಇಕ್ಸಿಯಾನ್’ ಎಂಬ ಪ್ರಹಸನವನ್ನು ಆಡಿತು. ಪ್ರಾಚೀನ ಪುರಾಣದಲ್ಲಿ ಇಕ್ಸಿಯಾನನು ಥೆಸಲಿಯ ಅರಸ. ದೇವರಾಜನಾದ ಜೂಪಿಟರನ ಆತಿಥ್ಯವನ್ನು ಸ್ವೀಕರಿಸಿ, ಉಂಡ ಮನೆಗೆ ಎರಡು ಬಗೆದು, ಅವನ ಪತ್ನಿಯನ್ನೇ ಮೋಹಿಸಿ, ಕೊನೆಗೆ ಉರಿಯುವ ಚಕ್ರಕ್ಕೆ ಬಂಧಿತನಾದ ಕೃತಘ್ನ. ಈ ಘೋರ ಕಥೆಯನ್ನು ಲಂಡನ್ನಿನ ನಾಟಕಕಾರ ಎಫ್. ಸಿ. ಬರ್ನಾಂಡನು ಶ್ಲೇಷೆಗಳಿಂದಲೂ, ಪ್ರಾಸಗಳಿಂದಲೂ, ಪ್ರಚಲಿತ ವಿದ್ಯಮಾನಗಳನ್ನು ಕುಟುಕುವ ಮಾತುಗಳಿಂದಲೂ ತುಂಬಿ ತಲೆಕೆಳಗು ಮಾಡಿದ್ದನು. ಅದಕ್ಕಿಂತಲೂ ಪ್ರೇಕ್ಷಕರನ್ನು ಬೆರಗುಗೊಳಿಸಿದುದು ಪಾತ್ರಧಾರಿಗಳ ವೇಷ. ಅರಸ ಇಕ್ಸಿಯಾನನಾಗಿ ರಂಗಕ್ಕೆ ಬಂದವಳು ಮಂಡಲಿಯ ಒಡತಿ ಲಿಡಿಯಾ ಥಾಂಪ್ಸನ್. ಜೂಪಿಟರನೂ ಮರ್ಕ್ಯುರಿಯೂ ಸ್ತ್ರೀಯರೇ. ಜ್ಞಾನದೇವತೆಯಾದ ಮಿನರ್ವಾ ಮಾತ್ರ ಹ್ಯಾರಿ ಬೆಕೆಟ್ ಎಂಬ ಹಾಸ್ಯನಟ. ಸಭ್ಯ ಕುಟುಂಬದ ಸ್ತ್ರೀಯ ಲಂಗವು ನೆಲವನ್ನು ಗುಡಿಸುತ್ತಿದ್ದ ಆ ಕಾಲದಲ್ಲಿ, ಈ ದೇವತೆಗಳು ಕಾಲಿಗೆ ಅಂಟಿಕೊಂಡ ಟೈಟ್ಸ್ ತೊಟ್ಟು, ಮೊಣಕಾಲಿನಿಂದ ಮೇಲಕ್ಕೇ ನಿಂತ ಅಂಗಿಯಲ್ಲಿ ಹಾಡಿದರು, ಕುಣಿದರು, ರಾಜಕಾರಣಿಗಳನ್ನು ಹಾಸ್ಯ ಮಾಡಿದರು, ಎದುರಿಗೆ ಕುಳಿತ ಗಂಡಸರನ್ನು ನೇರವಾಗಿ ನೋಡಿ ನಕ್ಕರು.

ಗಂಭೀರ ಕಥೆಯನ್ನು ಹಾಡು, ಕುಣಿತ, ಹಾಸ್ಯಗಳಿಂದ ಅಣಕಿಸುವ ಇಂಥ ಪ್ರಹಸನಕ್ಕೆ ಬರ್ಲೆಸ್ಕ್ ಎಂದು ಹೆಸರು. ಅಮೆರಿಕದ ಬರ್ಲೆಸ್ಕ್ ರಂಗದ ಚರಿತ್ರೆಯನ್ನು ಈ ಪ್ರದರ್ಶನದಿಂದ ಆರಂಭಿಸುವುದು ವಾಡಿಕೆಯಾಗಿದೆ. ಅದು ಉಚಿತವೂ ಹೌದು. ಎರಡು ವರ್ಷಗಳ ಹಿಂದೆ, 1866ರಲ್ಲಿ, ಅದೇ ನಗರದ ನಿಬ್ಲೋಸ್ ಗಾರ್ಡನ್ ರಂಗಮಂದಿರದಲ್ಲಿ ‘ದಿ ಬ್ಲ್ಯಾಕ್ ಕ್ರೂಕ್’ ಎಂಬ ಅದ್ಧೂರಿಯ ಪ್ರದರ್ಶನದಲ್ಲಿ ಬ್ಯಾಲೆ ನರ್ತಕಿಯರ ದೊಡ್ಡ ಸಮೂಹವೇ ಟೈಟ್ಸ್ ತೊಟ್ಟು ಕಾಣಿಸಿಕೊಂಡಿದ್ದಿತು. ಆದರೆ ಆ ನರ್ತಕಿಯರು ಮೂಕರು. ಸಂಗೀತಕ್ಕೆ ತಕ್ಕಂತೆ ಚಲಿಸಿ ಮರೆಯಾಗುವವರು. ಲಿಡಿಯಾ ಥಾಂಪ್ಸನ್ನಳ ಮಂಡಲಿಯವರಾದರೋ ಮಾತನಾಡುವವರು. ದೇಹವನ್ನು ಪ್ರದರ್ಶಿಸುವ ಸ್ತ್ರೀಯೇ ವಾಕ್ಚಾತುರ್ಯದಿಂದ ಪುರುಷನ ಗಾಂಭೀರ್ಯವನ್ನು ಕೆಡವುವವಳೂ ಆದುದು, ಸಮಾಜದ ದೃಷ್ಟಿಯಲ್ಲಿ, ಬರಿಯ ದೇಹಪ್ರದರ್ಶನಕ್ಕಿಂತ ಎಷ್ಟೋ ದೊಡ್ಡ ಅಪರಾಧವಾಗಿದ್ದಿತು. ಮುಂದಿನ ಸುಮಾರು ಎಪ್ಪತ್ತು ವರ್ಷಗಳ ಚರಿತ್ರೆಯನ್ನು ನಾನು ಓದಿಕೊಂಡಿರುವ ಮಟ್ಟಿಗೆ ಅದರ ತಿರುಳು ಇಷ್ಟೆ: ಈ ರಂಗವು ನರ್ತಕಿಯಿಂದ ಮೊದಲು ಕಸಿದುಕೊಂಡದ್ದು ಬಟ್ಟೆಯನ್ನಲ್ಲ, ಮಾತನ್ನು, ಅದರಲ್ಲಿ ನಿಜವಾಗಿ ಗೆದ್ದವರು ಆ ಮಾತನ್ನು ಮರಳಿ ಪಡೆದ ಸ್ತ್ರೀಯರು.

ಲಿಡಿಯಾ ಹುಟ್ಟಿದುದು 1838ರಲ್ಲಿ, ಲಂಡನ್ನಿನಲ್ಲಿ. ಇನ್ನೂ ಹದಿಹರೆಯದಲ್ಲಿಯೇ, 1852ರಲ್ಲಿ, ಹರ್ ಮೆಜೆಸ್ಟಿಸ್ ರಂಗಮಂದಿರದ ನರ್ತಕಿಯರ ಸಾಲಿನಲ್ಲಿ ಒಬ್ಬಳಾಗಿ ಅವಳು ವೃತ್ತಿಗೆ ಕಾಲಿಟ್ಟಳು. 1854ರಲ್ಲಿ ಪೆರಿಯಾ ನೇನಾ ಎಂಬ ಸ್ಪೇನ್ ದೇಶದ ಪ್ರಖ್ಯಾತ ನರ್ತಕಿಯು ಲಂಡನ್ನಿಗೆ ಬಂದು ಊರನ್ನೇ ಮರುಳುಗೊಳಿಸಿದಾಗ, ಲಿಡಿಯಾ ಅವಳ ಹಾವಭಾವಗಳನ್ನೂ ಹೆಜ್ಜೆಗಳನ್ನೂ ಹಾಗೆಯೇ ಅನುಕರಿಸಿ, ಆ ಅನುಕರಣದೊಳಗೆ ತಿಳಿಹಾಸ್ಯವನ್ನು ಬೆರೆಸಿ ಕುಣಿದು ಹೆಸರಾದಳು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು: ಒಂದು ನೃತ್ಯವನ್ನು ವಿಡಂಬಿಸಬೇಕಾದರೆ ಆ ನೃತ್ಯವನ್ನು ಮೂಲದವಳಷ್ಟೇ ಚೆನ್ನಾಗಿ ಕುಣಿಯಲು ಬರಬೇಕು. ಆ ಮೇಲೆ ಹಲವು ವರ್ಷ ಜರ್ಮನಿ, ರಷ್ಯಾ ಮೊದಲಾದ ದೇಶಗಳಲ್ಲಿ ಸಂಚರಿಸಿ ನರ್ತಿಸಿದ ಅವಳು ಅಮೆರಿಕಕ್ಕೆ ಬರುವ ವೇಳೆಗೆ ಮೂವತ್ತು ವರ್ಷದ ಪ್ರಬುದ್ಧ ಕಲಾವಿದೆಯೂ, ಮಂಡಲಿಯೊಂದನ್ನು ನಡೆಸಬಲ್ಲ ಯಜಮಾನಿಯೂ ಆಗಿದ್ದಳು.

ಮೊದಲ ಕೆಲವು ತಿಂಗಳು ಪತ್ರಿಕೆಗಳು ಹೊಗಳಿದವು. ಮಂಡಲಿಯು 1869ರ ಆರಂಭದಲ್ಲಿ ನಿಬ್ಲೋಸ್ ಗಾರ್ಡನ್ನಿನಂಥ ವಿಶಾಲ ರಂಗಮಂದಿರಕ್ಕೆ ಏರಿತು. ಆಗ ಗಾಳಿ ತಿರುಗಿತು. ಪ್ರಸಿದ್ಧ ಸಾಹಿತಿ ವಿಲಿಯಂ ಡೀನ್ ಹಾವೆಲ್ಸ್ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಬರೆದ ಲೇಖನದಲ್ಲಿ, ಪುರುಷವೇಷದ ಈ ನಟಿಯರು ಗಂಡಸರಂತೆಯೂ ಅಲ್ಲದೆ ಹೆಂಗಸರಂತೆಯೂ ಅಲ್ಲದೆ ಎರಡನ್ನೂ ಅಣಕಿಸುವ ಅನ್ಯಜಾತಿಯೊಂದರಂತೆ ತೋರುತ್ತಾರೆಂದು ಕಳವಳಗೊಂಡನು. ಸ್ತ್ರೀಯರ ಹಕ್ಕುಗಳಿಗಾಗಿ ಭಾಷಣ ಮಾಡುತ್ತಿದ್ದ, ಹಿಂದೆ ಸ್ವತಃ ನಟಿಯಾಗಿದ್ದ ಆಲಿವ್ ಲೋಗನ್ ಎಂಬ ಲೇಖಕಿಯು ಅದೇ ವರ್ಷ ಸ್ತ್ರೀಹಕ್ಕುಗಳ ಸಭೆಯಲ್ಲಿಯೇ ಎದ್ದುನಿಂತು ಈ ಬಗೆಯ ರಂಗವನ್ನು ಖಂಡಿಸಿದಳು. ಅವಳ ಕೋಪಕ್ಕೆ ಕಾರಣವಿಲ್ಲದೆ ಇರಲಿಲ್ಲ; ಅಭಿನಯವನ್ನು ಶ್ರಮಪಟ್ಟು ಕಲಿತ ಗೌರವಸ್ಥ ನಟಿಯರಿಗೆ ಕೆಲಸ ಸಿಗದೆ, ಕಾಲು ತೋರಿಸುವವರಿಗಷ್ಟೇ ವೇತನ ಸಿಗುವ ಕಾಲ ಬಂದಿತೆಂಬುದು ಅವಳ ದೂರು. ಒಂದೇ ಪ್ರದರ್ಶನದಲ್ಲಿ ಒಬ್ಬರು ಸ್ತ್ರೀಯ ಸ್ವಾತಂತ್ರ್ಯವನ್ನೂ ಮತ್ತೊಬ್ಬರು ಸ್ತ್ರೀಯ ವಿಕ್ರಯವನ್ನೂ ಕಂಡರು. ಈ ವಾದವು ಅಂದಿನಿಂದ ಇಂದಿನವರೆಗೆ ಮುಗಿದಿಲ್ಲ.

ಲಿಡಿಯಾ ಮಾತ್ರ ನಿಂದೆಯನ್ನು ಮೌನವಾಗಿ ಸಹಿಸುವವಳಾಗಿರಲಿಲ್ಲ. 1870ರ ಫೆಬ್ರವರಿಯಲ್ಲಿ ಮಂಡಲಿಯು ಶಿಕಾಗೋ ನಗರದಲ್ಲಿದ್ದಾಗ, ‘ಶಿಕಾಗೋ ಟೈಮ್ಸ್’ ಪತ್ರಿಕೆಯ ಸಂಪಾದಕನಾದ ವಿಲ್ಬರ್ ಸ್ಟೋರಿಯು ಅವರ ಶೀಲವನ್ನೇ ಪ್ರಶ್ನಿಸಿ ದಿನದಿನವೂ ಬರೆಯತೊಡಗಿದನು. ಲಿಡಿಯಾ ತನ್ನ ಪತಿ ಅಲೆಕ್ಸಾಂಡರ್ ಹೆಂಡರ್ಸನ್ನನನ್ನೂ ಸಹನಟಿ ಪಾಲಿನ್ ಮಾರ್ಕಂಳನ್ನೂ ಜೊತೆಗೆ ಕರೆದುಕೊಂಡು ಸಂಪಾದಕನನ್ನು ವಾಬಾಷ್ ಅವೆನ್ಯೂದಲ್ಲಿ ಅಡ್ಡಗಟ್ಟಿ, ಹಾಡಹಗಲಿನಲ್ಲಿ ಕುದುರೆಯ ಚಾವಟಿಯಿಂದ ಬಾರಿಸಿದಳು. ನ್ಯಾಯಾಲಯವು ದಂಡ ವಿಧಿಸಿತು, ದೇಶವೆಲ್ಲ ಈ ಸುದ್ದಿಯನ್ನು ಓದಿತು, ರಂಗಮಂದಿರ ಕಿಕ್ಕಿರಿಯಿತು. ಹೊಡೆತವನ್ನು ನಾನು ಸಮರ್ಥಿಸಲಾರೆ. ಆದರೆ ಕುಣಿಯುವ ಹೆಣ್ಣಿಗೆ ಮಾನವೆಂಬುದಿಲ್ಲ, ಅವಳ ಮೇಲೆ ಏನನ್ನಾದರೂ ಬರೆಯಬಹುದು ಎಂಬ ನಂಬಿಕೆಗೆ ಅಂದು ಬಿದ್ದ ಪೆಟ್ಟು ಸಣ್ಣದಲ್ಲ.

ಇಂಗ್ಲೆಂಡಿನ ಮಂಡಲಿಯ ಯಶಸ್ಸನ್ನು ಕಂಡ ಅಮೆರಿಕದ ವ್ಯಾಪಾರಿಗಳು ಸುಮ್ಮನೆ ಕೂರಲಿಲ್ಲ. ಎಂ. ಬಿ. ಲೀವಿಟ್ ಎಂಬ ವ್ಯವಸ್ಥಾಪಕನು ಮುಖಕ್ಕೆ ಮಸಿ ಬಳಿದ ಪುರುಷರು ಹಾಡಿ ನಗಿಸುತ್ತಿದ್ದ ಮಿನ್‌ಸ್ಟ್ರೆಲ್ ಪ್ರದರ್ಶನಗಳ ಮೂರು ಭಾಗದ ಕ್ರಮವನ್ನು ಎರವಲು ಪಡೆದು, ಅದಕ್ಕೆ ನರ್ತಕಿಯರನ್ನು ತುಂಬಿ, ಊರೂರು ಸುತ್ತುವ ಮಂಡಲಿಯನ್ನು ಕಟ್ಟಿದನು. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಇಂಥ ಮಂಡಲಿಗಳು ಒಕ್ಕೂಟಗಳಾಗಿ ಸೇರಿ, ‘ವೀಲ್’ ಅಂದರೆ ಚಕ್ರ ಎಂದು ಕರೆಯುತ್ತಿದ್ದ ವ್ಯವಸ್ಥೆಯೊಂದು ಏರ್ಪಟ್ಟಿತು: ಒಂದು ಊರಿನಲ್ಲಿ ಒಂದು ವಾರ ಆಡಿದ ಮಂಡಲಿಯು ಭಾನುವಾರ ರೈಲು ಹತ್ತಿ ಮುಂದಿನ ಊರಿಗೆ ಹೊರಟರೆ, ಅದು ಬಿಟ್ಟ ಸ್ಥಾನಕ್ಕೆ ಹಿಂದಿನ ಊರಿನ ಮಂಡಲಿಯು ಬಂದು ಸೇರುತ್ತಿದ್ದಿತು. ಫ್ಯಾನಿ ಬ್ರೈಸ್, ಬರ್ಟ್ ಲಾರ್ ಮುಂತಾಗಿ ಮುಂದೆ ಜಗದ್ವಿಖ್ಯಾತರಾದ ಹಾಸ್ಯಕಲಾವಿದರು ಕೈ ಪಳಗಿಸಿಕೊಂಡದ್ದು ಈ ಚಕ್ರಗಳಲ್ಲಿಯೇ. ಆದರೆ ಈ ವಿಸ್ತಾರದಲ್ಲಿ ಒಂದು ವಿಭಜನೆ ನಡೆದುಹೋಯಿತು. ಹಾಸ್ಯದ ಮಾತೆಲ್ಲ ಕ್ರಮೇಣ ಪುರುಷ ವಿದೂಷಕರ ಸೊತ್ತಾಯಿತು. ಸ್ತ್ರೀಯರಿಗೆ ಉಳಿದುದು ಸಾಲಾಗಿ ನಿಂತು ಕುಣಿಯುವ ಕೆಲಸ.

1893ರಲ್ಲಿ ಶಿಕಾಗೋ ನಗರದಲ್ಲಿ ನಡೆದ ವಿಶ್ವಪ್ರದರ್ಶನವು ಈ ಗತಿಯನ್ನು ತ್ವರೆಗೊಳಿಸಿತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನದ ಮೂಲಕ ನಮ್ಮವರಿಗೆ ಪರಿಚಿತವಾಗಿರುವ ಆ ಮಹಾಪ್ರದರ್ಶನದ ಮಿಡ್‌ವೇ ಎಂಬ ವಿನೋದವೀಥಿಯಲ್ಲಿ ಕೈರೋ ನಗರದ ಬೀದಿಯೊಂದನ್ನು ನಿರ್ಮಿಸಿ, ಅರಬ್ ದೇಶಗಳ ಉದರನೃತ್ಯವನ್ನು ತೋರಿಸಿದರು. ಆ ನೃತ್ಯಕ್ಕೆ ತನ್ನದೇ ಆದ ಸಂಪ್ರದಾಯವಿದ್ದಿತು, ಸೂಕ್ಷ್ಮವಿದ್ದಿತು. ಅದರ ಸೂಕ್ಷ್ಮವನ್ನು ಕಳಚಿ ಸೊಂಟದ ಚಲನೆಯನ್ನಷ್ಟೇ ಉಳಿಸಿಕೊಂಡ ‘ಹೂಚಿ ಕೂಚಿ’ ಎಂಬ ಅಗ್ಗದ ಅನುಕರಣಗಳು ಕೆಲವೇ ವರ್ಷಗಳಲ್ಲಿ ಪ್ರತಿಯೊಂದು ಬರ್ಲೆಸ್ಕ್ ಮಂಡಲಿಯ ಕೊನೆಯ ಅಂಕವಾದವು. ಅಲ್ಲಿಂದ ಮುಂದೆ ಏಕಾಂಗಿಯಾಗಿ ರಂಗದ ನಡುವೆ ಕುಣಿಯುವ ನರ್ತಕಿಯೇ ಮುಖ್ಯ ಆಕರ್ಷಣೆಯಾದಳು, ಮತ್ತು ಅವಳು ಮಾತನಾಡುವ ಅಗತ್ಯ ಯಾರಿಗೂ ತೋರಲಿಲ್ಲ.

ಈ ರಂಗದ ಉಚ್ಛ್ರಾಯದ ಕಾಲವನ್ನು ನ್ಯೂಯಾರ್ಕಿನ ಮಿನ್‌ಸ್ಕಿ ಸಹೋದರರ ಹೆಸರಿನೊಡನೆ ಜೋಡಿಸುವುದು ರೂಢಿ. ಏಬ್, ಬಿಲ್ಲಿ, ಹರ್ಬರ್ಟ್, ಮಾರ್ಟನ್ ಎಂಬ ಈ ನಾಲ್ವರು ವಲಸೆ ಬಂದ ಯಹೂದಿ ಕುಟುಂಬದವರು. ಬಡ ಕಾರ್ಮಿಕರೂ ವಲಸಿಗರೂ ಕಿಕ್ಕಿರಿದಿದ್ದ ಲೋಯರ್ ಈಸ್ಟ್ ಸೈಡ್ ಪ್ರದೇಶದಲ್ಲಿ, ಎತ್ತರದ ಕಟ್ಟಡವೊಂದರ ಮೇಲಿನ ಅಂತಸ್ತಿನಲ್ಲಿದ್ದ ‘ನ್ಯಾಷನಲ್ ವಿಂಟರ್ ಗಾರ್ಡನ್’ ಅವರ ರಂಗಶಾಲೆ. ಏಬ್ ಪ್ಯಾರಿಸಿನಲ್ಲಿ ಕಂಡು ಬಂದಿದ್ದ ರನ್‌ವೇಯನ್ನು, ಎಂದರೆ ರಂಗದಿಂದ ಪ್ರೇಕ್ಷಕರ ನಡುವೆ ಚಾಚಿಕೊಂಡ ಹಲಗೆಯ ಕಾಲುದಾರಿಯನ್ನು, ಅವರು ಇಲ್ಲಿ ಕಟ್ಟಿಸಿದರು. ಅಲ್ಲಿಯವರೆಗೆ ನರ್ತಕಿಗೂ ನೋಟಕನಿಗೂ ನಡುವೆ ವಾದ್ಯಗಾರರ ಗುಂಡಿಯಷ್ಟು ದೂರವಿದ್ದಿತು. ಈಗ ಅವಳ ಉಸಿರಾಟದ ಸದ್ದು, ಮುಖದ ಬಣ್ಣ, ಮಾಸಿದ ಪಾದರಕ್ಷೆ ಎಲ್ಲವೂ ಕೈಗೆಟಕುವಷ್ಟು ಹತ್ತಿರವಾದುವು.

ಇಂಥ ರಂಗಕ್ಕೆ ಹೆಣ್ಣುಮಕ್ಕಳು ಏಕೆ ಬಂದರು? ಉತ್ತರವನ್ನು ಬಹಳ ದೂರ ಹುಡುಕಬೇಕಾಗಿಲ್ಲ. 1920ರ ದಶಕದ ಕೊನೆಯಲ್ಲಿ ಮಾತನಾಡುವ ಚಲನಚಿತ್ರಗಳು ಬಂದು ವಾಡೆವಿಲ್ ಎಂಬ ವಿವಿಧ ವಿನೋದಾವಳಿಯ ರಂಗಮಂದಿರಗಳನ್ನು ನುಂಗಿದುವು. 1929ರ ಆರ್ಥಿಕ ಕುಸಿತವು ಉಳಿದ ಉದ್ಯೋಗಗಳನ್ನು ನುಂಗಿತು. ಬ್ರಾಡ್‌ವೇಯ ಗೌರವಸ್ಥ ನಾಟಕಶಾಲೆಗಳು ದೀಪವಾರಿ ನಿಂತಿರಲು, ಅವುಗಳನ್ನು ಕಡಿಮೆ ಬಾಡಿಗೆಗೆ ಹಿಡಿದ ಬರ್ಲೆಸ್ಕ್ ಮಾಲೀಕರು ನಲವತ್ತೆರಡನೆಯ ಬೀದಿಗೇ ಬಂದರು. 1931ರಲ್ಲಿ ಅಲ್ಲಿನ ರಿಪಬ್ಲಿಕ್ ರಂಗಮಂದಿರವು ಮಿನ್‌ಸ್ಕಿಯವರದಾಯಿತು. ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ, ಹೋಟೆಲಿನಲ್ಲಿ ಕೆಲಸ ಸಿಗದ ಹುಡುಗಿಗೆ ಇಲ್ಲಿ ಪ್ರತಿವಾರವೂ ಸಂಬಳವೆಂಬುದೊಂದು ಕೈಗೆ ಬರುತ್ತಿದ್ದಿತು.

ಈ ವಿದ್ಯೆಯನ್ನು ಕಲಿಸಲು ಪಾಠಶಾಲೆಯಿರಲಿಲ್ಲ. ಹೊಸಬಳು ಮೊದಲು ಕೋರಸ್ ಸಾಲಿಗೆ ಸೇರುವಳು. ಹಗಲು ಪ್ರದರ್ಶನ, ರಾತ್ರಿ ಪ್ರದರ್ಶನ, ನಡುವಿನ ಬಿಡುವಿನಲ್ಲಿ ಮುಂದಿನ ವಾರದ ಕುಣಿತದ ಅಭ್ಯಾಸ. ತನ್ನ ಸರದಿ ಇಲ್ಲದಾಗ ಪಕ್ಕದ ಪರದೆಯ ಮರೆಯಲ್ಲಿ ನಿಂತು ಅನುಭವಸ್ಥ ನರ್ತಕಿಯರು ಹೇಗೆ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾವ ತಾಳಕ್ಕೆ ತಲೆ ತಿರುಗಿಸುತ್ತಾರೆ ಎಂಬುದನ್ನು ನೋಡಿ ನೋಡಿ ಕಲಿಯುವಳು. ಚುರುಕಾದವಳಾದರೆ ಹಾಸ್ಯಪ್ರಸಂಗಗಳಲ್ಲಿ ವಿದೂಷಕನಿಗೆ ಎದುರು ಮಾತು ಕೊಡುವ ‘ಟಾಕಿಂಗ್ ವುಮನ್’ ಆಗುವ ಅವಕಾಶವೂ ಉಂಟು. ಕೊನೆಗೆ ಒಂದು ದಿನ ಮುಖ್ಯ ನರ್ತಕಿಗೆ ಕಾಯಿಲೆಯಾಗಿಯೋ ಜಗಳವಾಗಿಯೋ ಸ್ಥಾನ ತೆರವಾದಾಗ, ಮ್ಯಾನೇಜರನು ಸಾಲಿನತ್ತ ಕಣ್ಣು ಹಾಯಿಸುವನು. ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿ ಇಟಲಿಯಿಂದ ಬಂದ ದೊಡ್ಡ ಕುಟುಂಬದಲ್ಲಿ ಹುಟ್ಟಿದ ಆನ್ ಕೋರಿಯೋ ಹದಿಹರೆಯದಲ್ಲಿ ಕೋರಸ್ ಸಾಲಿನಿಂದ ಆರಂಭಿಸಿ, ಬಾಸ್ಟನ್ನಿನ ‘ಓಲ್ಡ್ ಹೋವರ್ಡ್’ ರಂಗಮಂದಿರದ ಆರಾಧ್ಯ ತಾರೆಯಾದುದು ಇದೇ ದಾರಿಯಲ್ಲಿ.

ಉಡುಪನ್ನು ಒಂದೊಂದಾಗಿ ಕಳಚುತ್ತ ಕುಣಿಯುವ ಆ ಕಾಲದ ನರ್ತಕಿಯೊಬ್ಬಳ ಅಂಕವು ಹೊರಗಿನವರು ಊಹಿಸುವಷ್ಟು ಸರಳವಾಗಿರಲಿಲ್ಲ. ಮೊದಲನೆಯ ಸಂಗೀತದ ಆವರ್ತನದಲ್ಲಿ ಅವಳು ನಿಲುವಂಗಿ, ಮೊಣಕೈ ದಾಟಿದ ಕೈಗವಸು, ಟೋಪಿ ಎಲ್ಲವನ್ನೂ ಧರಿಸಿ ರಂಗದ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಿದೆ ನಡೆಯುವಳು. ಏನನ್ನೂ ಕಳಚದ ಈ ನಡಿಗೆಯಲ್ಲಿಯೇ ಸಭೆಯನ್ನು ವಶಪಡಿಸಿಕೊಳ್ಳಬೇಕು. ಎರಡನೆಯದರಲ್ಲಿ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಸಡಿಲಿಸುವಳು. ಉಡುಪನ್ನು ಹೊಲಿಯುವಾಗಲೇ ಕೊಕ್ಕೆಗಳೂ ಒತ್ತುಗುಂಡಿಗಳೂ ಎಲ್ಲಿರಬೇಕೆಂದು ಯೋಚಿಸಿ ಹೊಲಿದಿರುತ್ತಿದ್ದರು. ಒಂದು ಕೊಕ್ಕೆ ಸಿಕ್ಕಿಕೊಂಡರೆ ಇಡೀ ಅಂಕವೇ ಕೆಡುವುದು. ಕೆಳಗೆ ಕುಳಿತ ಡ್ರಮ್ ಬಾರಿಸುವವನ ಕಣ್ಣು ಅವಳ ಸೊಂಟದಿಂದ ಕದಲುವಂತಿಲ್ಲ. ಅವಳ ಪ್ರತಿಯೊಂದು ತಿರುವಿಗೂ ಸರಿಯಾಗಿ ಕೋಲು ಬೀಳಬೇಕು, ತಡವಾದರೆ ನಗೆಪಾಟಲು. ದೀಪದವನು ಬಣ್ಣದ ಹಾಳೆಗಳನ್ನು ಬದಲಾಯಿಸುತ್ತ ಬೆಳಕನ್ನು ಕುಂದಿಸುತ್ತ ಹೋಗುವನು. ಕೊನೆಯ ಕ್ಷಣದಲ್ಲಿ ಅವಳು ಪರದೆಯ ಅಂಚನ್ನು ಹಿಡಿದು ಹಿಂದೆ ಸರಿಯುವಳು, ದೀಪ ಆರುವುದು. ಪ್ರೇಕ್ಷಕರು ಕಂಡದ್ದಕ್ಕಿಂತ ಕಂಡೆವೆಂದು ಭಾವಿಸಿದ್ದೇ ಹೆಚ್ಚು. ಈ ಭ್ರಮೆಯನ್ನು ನಿರ್ಮಿಸುವುದೇ ಅವಳ ಕಲೆ. ಅದಕ್ಕೆ ಬೇಕಾದ ಕಾಲಜ್ಞಾನವು ಯಾವ ಹಾಸ್ಯನಟನ ಕಾಲಜ್ಞಾನಕ್ಕೂ ಕಡಿಮೆಯಾದುದಲ್ಲ.

ಕಾನೂನು ಸದಾ ಬಾಗಿಲಲ್ಲಿಯೇ ನಿಂತಿರುತ್ತಿದ್ದಿತು. ಮಿನ್‌ಸ್ಕಿಯವರ ರಂಗಶಾಲೆಯಲ್ಲಿ ಪೊಲೀಸರೋ ಪರಿಶೀಲಕರೋ ಬಂದರೆಂದು ಕಂಡೊಡನೆ ಟಿಕೆಟ್ ಮಾರುವ ಕಡೆಯಿಂದ ಗುಂಡಿಯೊಂದನ್ನು ಒತ್ತುತ್ತಿದ್ದರು. ರಂಗದ ಮುಂಭಾಗದ ದೀಪಗಳ ಸಾಲಿನಲ್ಲಿ ಕೆಂಪು ದೀಪವೊಂದು ಹೊತ್ತಿಕೊಳ್ಳುತ್ತಿದ್ದಿತು. ಅದನ್ನು ಕಂಡ ನರ್ತಕಿಯು ತಾಳ ತಪ್ಪದೆ, ಮುಗುಳ್ನಗೆ ಮಾಸದೆ, ಅಂಕವನ್ನು ಸಭ್ಯ ರೀತಿಯಲ್ಲಿ ಮುಗಿಸಬೇಕಾಗಿದ್ದಿತು. ಅಷ್ಟಾದರೂ 1925ರ ಏಪ್ರಿಲಿನಲ್ಲಿ ನಡೆದ ದಾಳಿಯು ಊರಿನ ಮಾತಾಯಿತು. ಬಂಧನಕ್ಕೊಳಗಾಗಿ ನ್ಯಾಯಾಲಯದಲ್ಲಿ ನಿಲ್ಲಬೇಕಾದ ಅವಮಾನದಲ್ಲಿ ಮಾಲೀಕನ ಪಾಲಿಗಿಂತ ನರ್ತಕಿಯ ಪಾಲೇ ಯಾವಾಗಲೂ ದೊಡ್ಡದು.

ಈ ಮೌನದ ರಂಗಕ್ಕೆ ಮಾತನ್ನು ಮರಳಿ ತಂದವಳು ರೋಸ್ ಲೂಯಿಸ್ ಹೋವಿಕ್. ಲೋಕ ಅವಳನ್ನು ಬಲ್ಲುದು ಜಿಪ್ಸಿ ರೋಸ್ ಲೀ ಎಂಬ ಹೆಸರಿನಿಂದ. ಸಿಯಾಟಲ್ ನಗರದಲ್ಲಿ ಹುಟ್ಟಿದ ಅವಳ ಬಾಲ್ಯವೆಲ್ಲ ವಾಡೆವಿಲ್ ಮಂಡಲಿಗಳಲ್ಲಿ, ರೈಲುಗಳಲ್ಲಿ, ಅಗ್ಗದ ಹೋಟೆಲುಗಳಲ್ಲಿ ಕಳೆಯಿತು. ತಾಯಿ ರೋಸ್ ಮಹತ್ವಾಕಾಂಕ್ಷೆಯ ಹೆಂಗಸು. ಆದರೆ ಆ ಆಕಾಂಕ್ಷೆಯೆಲ್ಲ ಹಾಡಬಲ್ಲ, ಕುಣಿಯಬಲ್ಲ ಕಿರಿಯ ಮಗಳು ಜೂನ್ ಮೇಲೆ. ಲೂಯಿಸ್‌ಗೆ ಹಾಡು ಬಾರದು, ಕುಣಿತ ಒಲಿಯದು; ಗುಂಪಿನಲ್ಲಿ ಹುಡುಗನ ವೇಷ ಹಾಕಿ ನಿಲ್ಲುವುದು ಅವಳ ಕೆಲಸ. ಜೂನ್ ಇನ್ನೂ ಹದಿಹರೆಯದಲ್ಲಿಯೇ ಮದುವೆಯಾಗಿ ಓಡಿಹೋದ ಮೇಲೆ, ವಾಡೆವಿಲ್ಲೂ ಕಣ್ಣು ಮುಚ್ಚುತ್ತಿದ್ದ ಸಮಯದಲ್ಲಿ, ಹಸಿವೆಯೇ ಈ ತಾಯಿಮಗಳನ್ನು ಬರ್ಲೆಸ್ಕ್ ರಂಗದ ಹಿಂಬಾಗಿಲಿಗೆ ತಂದು ನಿಲ್ಲಿಸಿತು.

ಹಾಡು ನೃತ್ಯಗಳೆರಡೂ ಇಲ್ಲದ ಆ ಎತ್ತರದ ಹುಡುಗಿಯು ತನ್ನಲ್ಲಿದ್ದ ಒಂದೇ ಸಂಪತ್ತನ್ನು, ತನ್ನ ಬುದ್ಧಿಯನ್ನು, ಉಪಯೋಗಿಸಿದಳು. ಇತರರು ಗುಂಡಿ ಬಿಚ್ಚಿದರೆ ಇವಳು ಉಡುಪನ್ನು ಕೂಡಿಸಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ನಿಧಾನವಾಗಿ ಎಸೆಯುವಳು. ಜೊತೆಗೆ ಪ್ರೇಕ್ಷಕರೊಡನೆ ಸಂಭಾಷಿಸುವಳು, ತಾನು ಮಾಡುತ್ತಿರುವ ಕೆಲಸವನ್ನೇ ಕುರಿತು ಪರಿಹಾಸ ಮಾಡುವಳು. 1931ರಲ್ಲಿ ರಿಪಬ್ಲಿಕ್ ರಂಗಮಂದಿರಕ್ಕೂ 1936ರಲ್ಲಿ ಪ್ರತಿಷ್ಠಿತ ಜೀಗ್‌ಫೆಲ್ಡ್ ಫಾಲೀಸ್ ರಂಗಕ್ಕೂ ಅವಳು ಏರಿದಳು. ನರ್ತಕಿಯು ಬಟ್ಟೆ ಕಳಚುವಾಗ ಅವಳ ತಲೆಯಲ್ಲಿ ಏನು ನಡೆಯುತ್ತಿರುತ್ತದೆ ಎಂಬುದನ್ನು ವಿವರಿಸುವ ಅವಳ ಪ್ರಸಿದ್ಧ ಅಂಕದಲ್ಲಿ ಚಿತ್ರಕಲೆ, ಸಾಹಿತ್ಯ, ಸಂಗೀತಗಳ ಮಾತೆಲ್ಲ ಬರುತ್ತಿದ್ದಿತು. ಆಸೆಯಿಂದ ನೋಡುತ್ತಿದ್ದ ಗಂಡಸರು ತಮಗೆ ತಿಳಿಯದಂತೆ ಒಬ್ಬ ಚತುರೆಯ ಉಪನ್ಯಾಸಕ್ಕೆ ಕಿವಿಗೊಡುತ್ತಿದ್ದರು. 1943ರ ‘ಸ್ಟೇಜ್ ಡೋರ್ ಕ್ಯಾಂಟೀನ್’ ಚಿತ್ರದಲ್ಲಿ ಇದರ ಒಂದು ರೂಪವನ್ನು ಇಂದಿಗೂ ನೋಡಬಹುದು. ಅವಳು ಕಳಚುವುದು ಅತ್ಯಲ್ಪ, ಹೇಳುವುದು ಬಹಳ. ಅವಳ ಪತ್ತೇದಾರಿ ಕಾದಂಬರಿ 1941ರಲ್ಲಿಯೂ ಆತ್ಮಕಥೆ 1957ರಲ್ಲಿಯೂ ಪ್ರಕಟವಾದುವು; ಆತ್ಮಕಥೆಯನ್ನು ಆಧರಿಸಿದ ‘ಜಿಪ್ಸಿ’ ಎಂಬ ಸಂಗೀತನಾಟಕವು 1959ರಲ್ಲಿ ಬ್ರಾಡ್‌ವೇಗೆ ಬಂದಿತು. ಇಕ್ಸಿಯಾನನ ವೇಷದ ಲಿಡಿಯಾ ಥಾಂಪ್ಸನ್ನಳ ನಿಜವಾದ ಉತ್ತರಾಧಿಕಾರಿ ಯಾರೆಂದು ಕೇಳಿದರೆ ನಾನು ಜಿಪ್ಸಿಯನ್ನೇ ಹೆಸರಿಸುವೆನು.

ಎಲ್ಲರೂ ಜಿಪ್ಸಿಯಾಗುವಂತಿರಲಿಲ್ಲ. ಸಾಲಿನ ಹುಡುಗಿಯರ ದುಡಿಮೆ ದೀರ್ಘ, ಸಂಬಳ ಅಲ್ಪ. ಬರ್ಲೆಸ್ಕ್ ಕಲಾವಿದರು ತಮ್ಮದೇ ಸಂಘವನ್ನು ಕಟ್ಟಿಕೊಂಡು 1935ರಲ್ಲಿ ನ್ಯೂಯಾರ್ಕಿನಲ್ಲಿ ಮುಷ್ಕರ ಹೂಡಿದರು. ಆದರೆ ಸಂಘವು ತಡೆಯಲಾರದ ಹೊಡೆತವೊಂದು ನಗರಸಭೆಯಿಂದ ಬಂದಿತು. ಪಾದ್ರಿಗಳೂ ನಾಗರಿಕ ಸಂಘಗಳೂ ಒತ್ತಾಯಿಸುತ್ತಿರಲು, ಮೇಯರ್ ಲಾ ಗಾರ್ಡಿಯಾನ ಆಡಳಿತದಲ್ಲಿ ಲೈಸೆನ್ಸ್ ಕಮಿಷನರ್ ಆಗಿದ್ದ ಪಾಲ್ ಮಾಸ್, 1937ರ ಮೇ 1ರಂದು ಅವಧಿ ಮುಗಿದ 14 ಬರ್ಲೆಸ್ಕ್ ರಂಗಮಂದಿರಗಳ ಪರವಾನಗಿಗಳನ್ನು ನವೀಕರಿಸಲು ನಿರಾಕರಿಸಿದನು. ಮುಂದೆ ಕೆಲವು ತೆರೆದರೂ, ‘ಬರ್ಲೆಸ್ಕ್’ ಎಂಬ ಹೆಸರನ್ನಾಗಲಿ ‘ಮಿನ್‌ಸ್ಕಿ’ ಎಂಬ ಹೆಸರನ್ನಾಗಲಿ ಫಲಕದ ಮೇಲೆ ಬರೆಯಕೂಡದೆಂದಾಯಿತು. 1942ರಲ್ಲಿ ಅವೂ ಮುಚ್ಚಿದುವು. ಹಾಸ್ಯನಟರಿಗೆ ರೇಡಿಯೋ ಇದ್ದಿತು, ಹಾಲಿವುಡ್ ಇದ್ದಿತು. ಅಬಟ್ ಮತ್ತು ಕಾಸ್ಟೆಲೋ ಬರ್ಲೆಸ್ಕಿನ ಹಳೆಯ ಪ್ರಸಂಗಗಳನ್ನೇ ಚಿತ್ರಗಳಲ್ಲಿ ಆಡಿ ಕೀರ್ತಿ ಗಳಿಸಿದರು. ನರ್ತಕಿಯರಿಗೆ ಉಳಿದುದು ರಾತ್ರಿ ಕ್ಲಬ್ಬುಗಳು. ನೈತಿಕತೆಯ ಹೆಸರಿನಲ್ಲಿ ನಡೆದ ಶುದ್ಧೀಕರಣದ ವೆಚ್ಚವನ್ನು ತೆತ್ತವರು ಅತ್ಯಂತ ಬಡವರಾದ ಸ್ತ್ರೀಯರೆಂಬುದನ್ನು ಚರಿತ್ರೆಕಾರರು ಮರೆಯಬಾರದು.

ಆಮೇಲಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1955ರಲ್ಲಿ ಜೆನ್ನಿ ಲೀ ಎಂಬ ನರ್ತಕಿಯು ಲಾಸ್ ಏಂಜಲೀಸಿನಲ್ಲಿ ತನ್ನ ವೃತ್ತಿಯವರ ಸಂಘವೊಂದನ್ನು ಸ್ಥಾಪಿಸಿದಳು. ಡೆಟ್ರಾಯಿಟಿನ ಟೋನಿ ಎಲಿಂಗ್ ಎಂಬ ಕರಿಯ ಮಹಿಳೆಯು ದೂರವಾಣಿ ಕಂಪನಿಯಲ್ಲಿ ಬಣ್ಣದ ಕಾರಣದಿಂದ ಬಡ್ತಿ ಸಿಗದೆ ಬೇಸತ್ತು, 1960ರ ಸುಮಾರಿಗೆ, ಮೂವತ್ತು ದಾಟಿದ ವಯಸ್ಸಿನಲ್ಲಿ ಬರ್ಲೆಸ್ಕ್ ನರ್ತಕಿಯಾದಳು. ಸಂಗೀತಗಾರ ಡ್ಯೂಕ್ ಎಲಿಂಗ್ಟನ್ನನ ಗೌರವಾರ್ಥವಾಗಿ ತನ್ನ ರಂಗನಾಮವನ್ನು ಇಟ್ಟುಕೊಂಡಳು. ಜೆನ್ನಿ ಲೀ ಕೂಡಿಟ್ಟ ಉಡುಪು, ಚಿತ್ರ, ಪತ್ರಗಳನ್ನು ಅವಳ ಗೆಳತಿ ಡಿಕ್ಸಿ ಇವಾನ್ಸ್ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿದ್ದ, ಹಿಂದೆ ಆಡು ಸಾಕುತ್ತಿದ್ದ ಜಮೀನೊಂದರಲ್ಲಿ ವಸ್ತುಸಂಗ್ರಹಾಲಯವಾಗಿ ಬೆಳೆಸಿದಳು. ಅದೇ ಈಗ ಲಾಸ್ ವೇಗಾಸಿನ ಬರ್ಲೆಸ್ಕ್ ಹಾಲ್ ಆಫ್ ಫೇಮ್. 1990ರ ದಶಕದಲ್ಲಿ ಈ ಕಲೆ ಪುನರುಜ್ಜೀವನಗೊಂಡಾಗ, ಅದನ್ನು ಕಲಿಯಲು ಬಂದ ಯುವತಿಯರಿಗೆ ಹಳಬರ ಅನುಭವ ಗುರುವಾಯಿತು. ಅಂದು ಪರದೆಯ ಮರೆಯಿಂದ ಕದ್ದು ಕಲಿಯುತ್ತಿದ್ದುದನ್ನು ಇಂದು ತರಗತಿಗಳಲ್ಲಿ ಕಲಿಸುತ್ತಾರೆ. ಕಥಾವಸ್ತು, ಉಡುಪು, ಸಂಗೀತ, ವಿಡಂಬನೆ ಎಲ್ಲವನ್ನೂ ನರ್ತಕಿಯೇ ನಿರ್ಧರಿಸುವಳು. ಸಭೆಯಲ್ಲಿ ಕುಳಿತವರಲ್ಲಿ ಸ್ತ್ರೀಯರೂ ಬಹುಸಂಖ್ಯೆಯಲ್ಲಿರುತ್ತಾರೆ.

ಹೀಗೆ ನೋಡಿದರೆ ಬರ್ಲೆಸ್ಕ್ ರಂಗವನ್ನು ತೂಗಬೇಕಾದ ತಕ್ಕಡಿಯು ನರ್ತಕಿಯು ಎಷ್ಟು ಬಟ್ಟೆ ತೊಟ್ಟಿದ್ದಳೆಂಬುದಲ್ಲ. ಅಂಕದ ಒಡೆತನ ಯಾರದು, ನಗೆ ಯಾರ ಮೇಲೆ, ಹಣ ಯಾರ ಕೈಗೆ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಲಿಡಿಯಾ ಥಾಂಪ್ಸನ್ನಳ ಮಂಡಲಿಯಲ್ಲಿ ಈ ಮೂರಕ್ಕೂ ಉತ್ತರ ಸ್ತ್ರೀಯ ಪರವಾಗಿದ್ದಿತು. ಚಕ್ರಗಳ ಕಾಲದಲ್ಲಿಯೂ ಮಿನ್‌ಸ್ಕಿಯವರ ಕಾಲದಲ್ಲಿಯೂ ಅದು ಬಹುಮಟ್ಟಿಗೆ ಅವಳ ಕೈತಪ್ಪಿತು. ಜಿಪ್ಸಿಯಂಥವರು ಒಬ್ಬೊಬ್ಬರಾಗಿ ಅದನ್ನು ಮರಳಿ ಗಳಿಸಿದರು. ಆದುದರಿಂದ ಈ ಸ್ತ್ರೀಯರ ಹೆಸರುಗಳು ಪೊಲೀಸ್ ದಾಖಲೆಗಳಲ್ಲಿಯೂ ನೀತಿಬೋಧಕರ ದೂರುಗಳಲ್ಲಿಯೂ ಮಾತ್ರ ಉಳಿಯುವುದು ಅನ್ಯಾಯ. ನಾಟಕ, ನೃತ್ಯ, ಹಾಸ್ಯಗಳ ಚರಿತ್ರೆಯನ್ನು ಬರೆಯುವವರು ಅವರನ್ನು ಕಲಾವಿದರ ಪಂಕ್ತಿಯಲ್ಲಿ ಕೂರಿಸಿ, ಅವರ ಶ್ರಮವನ್ನು ಶ್ರಮವೆಂದೂ ಅವರ ವಿದ್ಯೆಯನ್ನು ವಿದ್ಯೆಯೆಂದೂ ಒಪ್ಪಿ ಬರೆಯಬೇಕಾಗಿದೆ.